ವಾಲಿದರೆ ತಡೆಯುತ್ತದೆ, ತಿರುಚಿದರೆ ಒಡೆಯುತ್ತದೆ

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಅಂಗಳದಲ್ಲಿರುವ ದೀಪಸ್ತಂಭ ಸುಮಾರು 42 ಅಡಿ ಎತ್ತರದ್ದು. ದೇವಸ್ಥಾನ ಹೊಯ್ಸಳ ವಿಷ್ಣುವರ್ಧನನ ಕಾಲದ್ದು, 1117ರಲ್ಲಿ ಪ್ರತಿಷ್ಠೆಯಾದದ್ದು. ಈ ಕಂಬ ಆಮೇಲೆ, ವಿಜಯನಗರದವರ ಕಾಲದಲ್ಲಿ ಸೇರಿಕೊಂಡಿತು. ಇದನ್ನು ನೆಲದಲ್ಲಿ ಹುಗಿದಿಲ್ಲ. ಕಲ್ಲಿನ ಕಟ್ಟೆಯ ಮೇಲೆ ತನ್ನ ಭಾರದಿಂದಲೇ ನಿಂತಿದೆ. ಬುಡದ ಒಂದು ಮಗ್ಗುಲಲ್ಲಿ ಸಣ್ಣ ಸಂದಿದೆ. ಗೈಡುಗಳು ಅದರೊಳಗೆ ಕಾಗದ ತೂರಿಸಿ ತೋರಿಸುತ್ತಾರೆ, ನೋಡಿದವರು ಪವಾಡ ಎನ್ನುತ್ತಾರೆ. ಪವಾಡವೇನೂ ಇಲ್ಲ, ಲೆಕ್ಕ ಇದೆ. ಆ ಲೆಕ್ಕ ಮನೆಯಲ್ಲಿ ದೊಡ್ಡ ಅಕ್ವೇರಿಯಂ ಇಡುವವರಿಗೂ ಬೇಕಾದದ್ದು. ಆದರೆ ಕಂಬದಿಂದ ತಪ್ಪು ಪಾಠ ಕಲಿತರೆ ಮೀನಿನ ತೊಟ್ಟಿ ಉಳಿಯುವುದಿಲ್ಲ.

ಕಲ್ಲಿನ ತೂಕ ಒಂದು ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ. 42 ಅಡಿಯೆಂದರೆ 1280 ಸೆಂಟಿಮೀಟರ್. ಕಂಬ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ ಎಂದುಕೊಂಡರೂ ಬುಡದ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಮೂರೂವರೆ ಕಿಲೋ ಅಷ್ಟೇ. ಗಟ್ಟಿ ಕಣಶಿಲೆ ಪುಡಿಯಾಗಬೇಕಾದರೆ ಅಷ್ಟೇ ಜಾಗದ ಮೇಲೆ ಸಾವಿರ ಕಿಲೋಗೂ ಹೆಚ್ಚು ಬೀಳಬೇಕು. ಬುಡದ ಹತ್ತರಲ್ಲಿ ಒಂದು ಭಾಗ ಮಾತ್ರ ಕಟ್ಟೆಗೆ ತಾಗಿದ್ದರೂ ಭಾರ 35 ಕಿಲೋಗೆ ಏರುತ್ತದೆ, ಕಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ನು ಉರುಳುವ ಮಾತು. ತಾಗಿರುವ ಜಾಗಗಳ ಸುತ್ತ ಒಂದು ದಾರ ಸುತ್ತಿದರೆ ಉಂಟಾಗುವ ಆವರಣದೊಳಗೇ ಕಂಬದ ತೂಕದ ಗೆರೆ ಬೀಳುವವರೆಗೆ, ಒಂದು ಮಗ್ಗುಲಲ್ಲಿ ಸಂದಿದ್ದರೂ ಕಂಬ ಅಲುಗುವುದಿಲ್ಲ.

ಹಾಗಾದರೆ ತೊಟ್ಟಿಯೂ ತನ್ನ ಭಾರಕ್ಕೆ ತಾನೇ ಕೂತುಕೊಳ್ಳಲಿ ಎನ್ನಬಹುದು. ಭಾರಕ್ಕೇನೂ ಕಡಿಮೆಯಿಲ್ಲ: ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ನೀರೇ 250 ಕಿಲೋ ದಾಟುತ್ತದೆ, 10 ಮಿಲಿಮೀಟರ್ ಗಾಜಿನ ತೂಕ ಸೇರಿದರೆ 300. ಮರಳು, ಕಲ್ಲು ಬೇರೆ. ಆದರೆ ಗಾಜು ಒತ್ತಿದರೆ ತಡೆಯುತ್ತದೆ, ಬಾಗಿಸಿದರೆ ತಡೆಯುವುದಿಲ್ಲ. ಬಾಗಿದ ಗಾಜಿನ ಒಂದು ಮೈ ಹಿಗ್ಗುತ್ತದೆ, ಕಣ್ಣಿಗೆ ಕಾಣದ ಗೀರುಗಳು ಅಲ್ಲಿ ಬಾಯಿಬಿಡುತ್ತವೆ. ಕಂಬದ ಬುಡದ ಸಂದು ಕಲ್ಲನ್ನು ಬಾಗಿಸುವುದಿಲ್ಲ. ತೊಟ್ಟಿಯ ಕೆಳಗಿನ ಸಂದು ಗಾಜನ್ನು ಬಾಗಿಸುತ್ತದೆ.

ಅರಸೀಕೆರೆ, ಬೇಲೂರು ಕಡೆಯ ಹಳೆಯ ಮನೆಗಳಲ್ಲಿ ತೊಳೆದ ನೀರು ಹರಿದುಹೋಗಲೆಂದು ನೆಲಕ್ಕೆ ವಾಟ ಕೊಟ್ಟಿರುತ್ತಾರೆ. ಜನ ಹೆದರುವುದು ಈ ವಾಟಕ್ಕೆ, ವಿನಾಕಾರಣ. ತೊಟ್ಟಿ ಉದ್ದಕ್ಕೆ 5 ಮಿಲಿಮೀಟರ್ ವಾಲಿದರೆ ತಗ್ಗಿನ ತುದಿಯಲ್ಲಿ ನೀರಿನ ಆಳ ಏರುವುದು ಎರಡೂವರೆ ಮಿಲಿಮೀಟರ್. ಒತ್ತಡ ಹೆಚ್ಚುವುದು ಸೇಕಡಾ ಅರ್ಧದಷ್ಟು. ನೋಡಲು ಚೆನ್ನಾಗಿರುವುದಿಲ್ಲ, ಗಾಜಿಗೆ ಬಾಧೆಯಿಲ್ಲ. ವಾಟ ಅತಿಯಾದರೆ ಎತ್ತರದ ತೊಟ್ಟಿ ಮಗುಚುವ ಭಯವಿದೆ, ಅದು ಬೇರೆ ವಿಷಯ. ನಿಜವಾದ ಶತ್ರು ತೊಟ್ಟಿ ಹೊತ್ತ ಸ್ಟ್ಯಾಂಡಿನ ನಾಲ್ಕು ಕಾಲುಗಳಡಿಯ ನಾಲ್ಕು ಜಾಗ ಒಂದೇ ಸಮತಲದಲ್ಲಿ ಇಲ್ಲದಿರುವುದು. ಮೂರು ಕಲ್ಲಿನ ಒಲೆ ಎಂಥ ನೆಲದಲ್ಲೂ ಕುಣಿಯುವುದಿಲ್ಲ, ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದು ಸಮತಲದಲ್ಲಿರುತ್ತವೆ. ನಾಲ್ಕನೆಯದು ಬಂದಾಗಲೇ ತಕರಾರು. ಒಂದು ಕಾಲು ತೇಲುತ್ತಿದ್ದರೆ ಉಳಿದ ಮೂರೂ ಸಮನಾಗಿ ಹೊರುತ್ತವೆ ಎಂದುಕೊಳ್ಳಬೇಡಿ. ಭಾರ ನಡುವೆ ಇದ್ದರೆ ಅದಷ್ಟೂ ಎದುರುಬದುರು ಮೂಲೆಯ ಎರಡು ಕಾಲುಗಳ ಮೇಲೆ ಬೀಳುತ್ತದೆ: ತಲಾ 75 ಕಿಲೋ ಹೊರಬೇಕಾದಲ್ಲಿ ತಲಾ 150.

ಇಲ್ಲಿ ಅನುಭವಸ್ಥರ ಒಂದು ಆಕ್ಷೇಪವಿದೆ: ಖಾಲಿ ಇದ್ದಾಗ ಕುಣಿಯುತ್ತಿದ್ದ ಸ್ಟ್ಯಾಂಡು ನೀರು ತುಂಬಿದ ಮೇಲೆ ಗಟ್ಟಿಯಾಗಿ ಕೂತಿತಲ್ಲ? ಕೂತಿದ್ದೇ ಅಪಾಯ. ಕಬ್ಬಿಣದ ಆಂಗಲ್ ಚೌಕಟ್ಟು ಭಾರಕ್ಕೆ ಮಣಿದು ತಿರುಚಿಕೊಂಡಿತು, ತೇಲುತ್ತಿದ್ದ ಕಾಲು ನೆಲ ಮುಟ್ಟಿತು. ಆ ತಿರುಚಿಗೆ ತಕ್ಕಂತೆ ಈಗ ಗಾಜೂ ತಿರುಚಿಕೊಳ್ಳಬೇಕು. ತಿಂಗಳಾಯಿತು, ಏನೂ ಆಗಿಲ್ಲ ಎನ್ನುವುದೂ ಭರವಸೆಯ ಮಾತಲ್ಲ. ಎಳೆತದಲ್ಲಿರುವ ಗಾಜಿನ ಸೀಳು ತೇವದಲ್ಲಿ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ, ಇದು ಗಾಜಿನ ಸ್ವಭಾವ. ತೊಟ್ಟಿಯಡಿಗೆ ಥರ್ಮಕೋಲ್ ಹಾಕಿದ್ದೇವಲ್ಲ ಎನ್ನುವವರಿದ್ದಾರೆ. ಥರ್ಮಕೋಲ್ ಮರಳಿನ ಹರಳು, ವೆಲ್ಡಿಂಗಿನ ಗಂಟು ಇಂಥವನ್ನು ನುಂಗುತ್ತದೆ, ಚೌಕಟ್ಟಿನ ತಿರುಚನ್ನಲ್ಲ.

ಪತ್ತೆ ಹಚ್ಚುವುದು ಸುಲಭ. ಗಾರೆ ಕೆಲಸದವರ ನೀರಿನ ಪೈಪ್ ಸಾಕು. ಒಂದು ಮಟ್ಟ ಹಿಡಿದು, ಕಾಲು ಊರುವ ನಾಲ್ಕು ಜಾಗಗಳು ಅದರಿಂದ ಎಷ್ಟು ಕೆಳಗಿವೆ ಎಂದು ಸುತ್ತುವರಿಯಾಗಿ ಅಳೆಯಿರಿ. ಆ ಮಟ್ಟದಿಂದ 10, 14, 12, 8 ಮಿಲಿಮೀಟರ್ ಕೆಳಗೆ ಬಂತು ಎನ್ನೋಣ. ಎದುರುಮೂಲೆಗಳನ್ನು ಕೂಡಿಸಿದರೆ 22, 22. ನೆಲ ವಾಲಿದೆ, ತಿರುಚಿಲ್ಲ. 10, 10, 10, 4 ಬಂದರೆ 20 ಮತ್ತು 14: ಆರು ಮಿಲಿಮೀಟರ್ ತಿರುಚು. ನೆಲ ಸರಿಯಿದ್ದೂ ಸ್ಟ್ಯಾಂಡು ಕುಣಿದರೆ ದೋಷ ವೆಲ್ಡಿಂಗ್ ಅಂಗಡಿಯದು, ಕಾವಿಗೆ ಚೌಕಟ್ಟು ಸೊಟ್ಟಗಾಗುವುದು ಮಾಮೂಲು. ಅದನ್ನು ಹಿಂದುಮುಂದು ಮಾಡಿಟ್ಟರೆ ಪ್ರಯೋಜನವಿಲ್ಲ, ತಿರುಚು ಎರಡೂ ಕಡೆಯಿಂದ ಒಂದೇ.

ಬೆಣೆ ಕೊಡಬೇಕಾದದ್ದು ಸ್ಟ್ಯಾಂಡಿನ ಕಾಲಿನಡಿಗೆ, ಗಾಜಿಗೂ ಸ್ಟ್ಯಾಂಡಿಗೂ ನಡುವೆ ಎಂದೂ ಅಲ್ಲ. ಕಬ್ಬಿಣದ ತಗಡು, ಗಟ್ಟಿ ಪ್ಲಾಸ್ಟಿಕ್, ಕಡಪ ಕಲ್ಲಿನ ಚಕ್ಕೆ ಒಳ್ಳೆಯವು; ಮಡಿಸಿದ ರಟ್ಟು ನೀರು ಚೆಲ್ಲಿದ ದಿನವೇ ಕುಗ್ಗುತ್ತದೆ. ಟೈಲ್ಸ್ ನೆಲವಾದರೆ ಪ್ರತಿ ಕಾಲಿನಡಿಗೂ ಅಂಗೈ ಅಗಲದ ತಗಡು ಹಾಕುವುದು ಲೇಸು, ಭಾರ ಹರಡಿಕೊಳ್ಳುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಅಗಲವಾದ ಜಗತಿಯ ಮೇಲೆ ಕೂತಿರುವುದರಲ್ಲೂ ಈ ಅನುಕೂಲವಿದೆ. ಬೆಣೆಯ ಕೆಲಸವನ್ನು ತೊಟ್ಟಿ ಖಾಲಿ ಇರುವಾಗಲೇ ಮುಗಿಸಿ. ತುಂಬಿದ ಮೇಲೆ ತಿರುಚು ಕಂಡರೆ ಸ್ಟ್ಯಾಂಡಿನ ಕಾಲೆತ್ತಲು ಹೋಗಬೇಡಿ, ಮೊದಲು ಮೀನುಗಳನ್ನು ಬಕೆಟ್ಟಿಗೆ ಹಾಕಿ ನೀರು ಖಾಲಿ ಮಾಡಿ.