ತಳ ಸೇರಿದ್ದೆಲ್ಲ ಜೇನಲ್ಲ!



ಬಕೆಟ್ಟಿನಲ್ಲಿ ಜೇನುಹುಟ್ಟು ಇಟ್ಟುಕೊಂಡು ವಿಜಯನಗರ, ಕೆಂಗೇರಿಯ ಬೀದಿಗಳಲ್ಲಿ ಜೇನು ಮಾರುವವರನ್ನು ನೀವು ನೋಡಿರಬಹುದು. "ಇದು ಅಪ್ಪಟವೇ?" ಎಂದು ಅಮ್ಮ ಕೇಳಿದರೆ, ಅವರು ಲೋಟದ ನೀರಿಗೆ ಒಂದು ಹನಿ ಬಿಡುತ್ತಾರೆ. ಹನಿ ಕರಗದೆ ತಳಕ್ಕಿಳಿಯುತ್ತದೆ. "ನೋಡಿ ಅಮ್ಮಾ, ಅಪ್ಪಟ ಜೇನು!" ಎನ್ನುತ್ತಾರೆ. ಈ ಪರೀಕ್ಷೆಯನ್ನು ನಂಬಬಹುದೇ? ಬನ್ನಿ, ಪರೀಕ್ಷೆಯನ್ನೇ ಪರೀಕ್ಷಿಸೋಣ.

ಬೇಕಾಗುವ ವಸ್ತುಗಳು: ಮೂರು ಗಾಜಿನ ಲೋಟ, ನೀರು, ಜೇನು, ಸಕ್ಕರೆ ಪಾಕ, ಕಡಲೆಕಾಯಿ ಎಣ್ಣೆ. ಪಾಕವನ್ನು ಮನೆಯ ಹಿರಿಯರಿಂದ ಒಂದೆಳೆ ಹದಕ್ಕೆ ಕಾಯಿಸಿ, ತಣಿಸಿ ಇಟ್ಟುಕೊಳ್ಳಿ.

ಮಾಡುವ ವಿಧಾನ: ಮೂರೂ ಲೋಟಗಳಿಗೆ ಮುಕ್ಕಾಲು ಭಾಗ ನೀರು ಹಾಕಿ. ಒಂದಕ್ಕೆ ಜೇನು, ಇನ್ನೊಂದಕ್ಕೆ ಪಾಕ, ಮತ್ತೊಂದಕ್ಕೆ ಎಣ್ಣೆಯನ್ನು ಹನಿಹನಿಯಾಗಿ ಬಿಡಿ. ಏನಾಯಿತು? ಜೇನು ತಳ ಸೇರಿತು. ಪಾಕವೂ ತಳ ಸೇರಿತು! ಎಣ್ಣೆ ಮಾತ್ರ ಮೇಲೆ ತೇಲಿತು.

ಇದಕ್ಕೆ ಕಾರಣ ಸಾಂದ್ರತೆ. ಒಂದು ಲೀಟರ್ ನೀರಿನ ತೂಕ ಸುಮಾರು 1000 ಗ್ರಾಂ. ಅಷ್ಟೇ ಜೇನಿನ ತೂಕ ಸುಮಾರು 1400 ಗ್ರಾಂ. ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ. ನೀರಿಗಿಂತ ಹೆಚ್ಚು ಸಾಂದ್ರತೆಯ ದ್ರವ ಮುಳುಗುತ್ತದೆ, ಕಡಿಮೆ ಇರುವುದು ತೇಲುತ್ತದೆ. ಇಲ್ಲೊಂದು ವಿಷಯ ಗಮನಿಸಿ. ಎಣ್ಣೆ ನೀರಿಗಿಂತ ನಿಧಾನವಾಗಿ ಸುರಿಯುತ್ತದೆ, ಆದರೂ ಹಗುರ. ನಿಧಾನವಾಗಿ ಹರಿಯುವ ಗುಣವೇ ಸ್ನಿಗ್ಧತೆ. ಸ್ನಿಗ್ಧತೆ ಬೇರೆ, ಸಾಂದ್ರತೆ ಬೇರೆ.

ಜೇನಿಗೆ ಇಷ್ಟು ಸಾಂದ್ರತೆ ಹೇಗೆ ಬಂತು? ಹೂವಿನ ಮಕರಂದದಲ್ಲಿ ನೀರು ಹೆಚ್ಚು. ಜೇನ್ನೊಣಗಳು ರೆಕ್ಕೆ ಬೀಸಿ ಆ ನೀರನ್ನು ಆರಿಸುತ್ತವೆ. ಕೊನೆಗೆ ಸಾಮಾನ್ಯವಾಗಿ ನೂರಕ್ಕೆ 20 ಭಾಗ ಅಥವಾ ಅದಕ್ಕೂ ಕಡಿಮೆ ನೀರು ಉಳಿಯುತ್ತದೆ. ಇದೇ ಕೆಲಸವನ್ನು ಮನುಷ್ಯ ಬೆಂಕಿಯಿಂದ ಮಾಡುತ್ತಾನೆ. ಶಿರಸಿ, ಸಾಗರದ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಜೋನಿಬೆಲ್ಲ ಮಾಡುತ್ತಾರೆ. ದೋಸೆಗೆ ಅದು ಬಲು ರುಚಿ! ದೂರದ ಕೆನಡಾದಲ್ಲಿ ಮೇಪಲ್ ಮರದ ರಸವನ್ನು ಕುದಿಸುತ್ತಾರೆ. ಆ ರಸದಲ್ಲಿ ಸಕ್ಕರೆ ನೂರಕ್ಕೆ ಸುಮಾರು 2 ಭಾಗ ಮಾತ್ರ. ಆದ್ದರಿಂದ ಒಂದು ಲೀಟರ್ ಮೇಪಲ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು! ಒಂದು ಲೀಟರ್ ಮೇಪಲ್ ಪಾಕದ ತೂಕ ಸುಮಾರು 1330 ಗ್ರಾಂ. ಅಂದರೆ ಜೋನಿಬೆಲ್ಲವಾಗಲಿ, ಮೇಪಲ್ ಪಾಕವಾಗಲಿ ನೀರಿನಲ್ಲಿ ತಳ ಸೇರುವಂಥವೇ.

ಹಾಗಾದರೆ ಲೋಟದ ಪರೀಕ್ಷೆ ಹೇಳುವುದೇನು? "ಈ ದ್ರವ ನೀರಿಗಿಂತ ಸಾಂದ್ರ" ಎಂದಷ್ಟೇ. "ಇದು ಜೇನು" ಎಂದು ಅದು ಹೇಳುವುದಿಲ್ಲ. ಜೇನಿಗೆ ಸಕ್ಕರೆ ಪಾಕ ಬೆರೆಸಿದ್ದರೂ ಹನಿ ತಳವನ್ನೇ ಸೇರುತ್ತದೆ. ಕಲಬೆರಕೆಯನ್ನು ಖಚಿತವಾಗಿ ತಿಳಿಯಲು ಪ್ರಯೋಗಾಲಯವೇ ಬೇಕು. ಕೊಳ್ಳುವಾಗ ಸೀಸೆಯ ಮೇಲೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡುವುದು ಒಳ್ಳೆಯದು.

ಇನ್ನೊಂದು ಮಾತು ಮನೆಯಲ್ಲಿ ತಪ್ಪದೆ ಹೇಳಿ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ರೂಢಿ ಹಲವು ಮನೆಗಳಲ್ಲಿದೆ. ಅಪ್ಪಟ ಜೇನಿನಲ್ಲಿಯೂ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ನಮಗೆ ಅವುಗಳಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಎಳೆಯ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷ ಉಂಟುಮಾಡಬಲ್ಲವು. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡ.

ಈಗ ನಿಮಗೊಂದು ಪ್ರಶ್ನೆ. ಒಂದೇ ಲೋಟಕ್ಕೆ ಜೇನು, ನೀರು, ಎಣ್ಣೆಯನ್ನು ಚಮಚದ ಮೇಲಿಂದ ನಿಧಾನವಾಗಿ ಸುರಿದರೆ ಯಾವುದು ಎಲ್ಲಿ ನಿಲ್ಲುತ್ತದೆ? ಮೊದಲು ಊಹಿಸಿ ಬರೆಯಿರಿ. ಆಮೇಲೆ ಮಾಡಿ ನೋಡಿ.