ಹುಡುಗನನ್ನು ಹೊರಗೆ ಹಾಕಿದರು, ಪ್ರಶ್ನೆ ಒಳಗೇ ಉಳಿಯಿತು

2024ರ ಜನವರಿ 11ರಂದು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದಕ್ಷಿಣ ಆಫ್ರಿಕಾ ಗಾಝಾದ ಪರವಾಗಿ ವಾದ ಮಂಡಿಸಿದ್ದನ್ನು ನಮ್ಮವರು ಬಹಳ ಮಂದಿ ಮೊಬೈಲಿನಲ್ಲಿ ನೋಡಿದ್ದೀರಿ. ಅವತ್ತು ಆ ದೇಶದ ಪರವಾಗಿ ಎದ್ದು ನಿಂತು ಮಾತಾಡಿದವರಲ್ಲಿ ಒಬ್ಬರು ನ್ಯಾಯ ಸಚಿವ ರೊನಾಲ್ಡ್ ಲಮೋಲಾ. ಶಾಂತವಾಗಿ, ಅಳೆದು ತೂಗಿ ಮಾತಾಡಿದ ಈ ಮನುಷ್ಯ 2011ರಲ್ಲಿ ತನ್ನದೇ ಪಕ್ಷದ ಶಿಸ್ತು ಸಮಿತಿಯ ಮುಂದೆ ಆರೋಪಿಯಾಗಿದ್ದವರು ಅಂದರೆ ನಂಬಲಿಕ್ಕೆ ಸ್ವಲ್ಪ ಕಷ್ಟ. ಪಕ್ಷದ ಹಿರಿಯರು ಸಭೆ ನಡೆಸುತ್ತಿದ್ದಾಗ ಕರೆಯದೇ ಒಳಗೆ ನುಗ್ಗಿದರು ಅಂತ ಅವರ ಮೇಲೆ ಆರೋಪ. ಆಗ ಅವರು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಅಂದರೆ ಎಎನ್‌ಸಿಯ ಯೂತ್ ಲೀಗಿನ ಉಪಾಧ್ಯಕ್ಷರು. ಲೀಗಿನ ಅಧ್ಯಕ್ಷರ ಹೆಸರು ಜೂಲಿಯಸ್ ಮಾಲೆಮಾ.

ಲಮೋಲಾ ಪಕ್ಷದಲ್ಲೇ ಉಳಿದರು, ಮಂತ್ರಿಯಾದರು. ಮಾಲೆಮಾರನ್ನು ಹೊರಗೆ ಹಾಕಿದರು. ನಾನು ಬರೆಯಬೇಕೆಂದಿರುವುದು ಈ ಎರಡನೆಯವರ ಕಥೆ. ಬಾಯಿ ಜೋರಿರುವ ಯುವ ನಾಯಕನನ್ನು ಏನು ಮಾಡುವುದು ಎಂಬ ತಲೆಬಿಸಿ ಎಲ್ಲ ಪಕ್ಷಗಳಲ್ಲೂ ಉಂಟು. ಆದರೆ ಅದನ್ನು ಎಎನ್‌ಸಿಯಷ್ಟು ವಿಧಿವತ್ತಾಗಿ, ವಿಚಾರಣೆ, ವಕೀಲರು, ಮೇಲ್ಮನವಿ ಅಂತೆಲ್ಲ ಇಟ್ಟುಕೊಂಡು ನಡೆಸಿದವರು ಕಡಿಮೆ.

ಮಾಲೆಮಾ ಹುಟ್ಟಿದ್ದು 1981ರಲ್ಲಿ, ಲಿಂಪೊಪೊ ಪ್ರಾಂತ್ಯದ ಸೆಶೆಗೊದಲ್ಲಿ. ತಾಯಿ ಮನೆಗೆಲಸದವರು. 2008ರಲ್ಲಿ, 27ನೇ ವಯಸ್ಸಿಗೆ ಯೂತ್ ಲೀಗಿನ ಅಧ್ಯಕ್ಷರಾದರು. ಪಕ್ಷದೊಳಗೆ ಆಗ ಥಾಬೊ ಎಂಬೆಕಿ ಮತ್ತು ಜೇಕಬ್ ಝೂಮಾ ನಡುವೆ ಜಗಳ ನಡೆಯುತ್ತಿತ್ತು. 2007ರ ಡಿಸೆಂಬರಿನ ಪೊಲೊಕ್ವಾನೆ ಸಮ್ಮೇಳನದಲ್ಲಿ ಯೂತ್ ಲೀಗ್ ಝೂಮಾ ಪರ ನಿಂತಿತ್ತು, ಝೂಮಾ ಗೆದ್ದಿದ್ದರು. ಮರು ವರ್ಷ ಮಾಲೆಮಾ ವೇದಿಕೆ ಹತ್ತಿ, ಝೂಮಾಗಾಗಿ ಸಾಯಲಿಕ್ಕೂ ಸಿದ್ಧ, ಕೊಲ್ಲಲಿಕ್ಕೂ ಸಿದ್ಧ ಎಂಬ ಅರ್ಥದ ಮಾತಾಡಿದರು. ದೇಶವೆಲ್ಲ ಬೆಚ್ಚಿತು. ಪಕ್ಷ ಮಾತ್ರ ಶಿಸ್ತಿನ ಕಡತ ತೆರೆಯಲಿಲ್ಲ. ಅಷ್ಟೇ ಅಲ್ಲ, ಮಾಲೆಮಾ ಮುಂದೊಂದು ದಿನ ಪಕ್ಷವನ್ನು ಮುನ್ನಡೆಸಲು ತಕ್ಕವರು ಎಂಬಂತೆ 2009ರಲ್ಲಿ ಸ್ವತಃ ಝೂಮಾ ಹೊಗಳಿದರು.

ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2010ರ ಏಪ್ರಿಲಿನಲ್ಲಿ ಮಾಲೆಮಾ ಜಿಂಬಾಬ್ವೆಗೆ ಹೋಗಿ ಮುಗಾಬೆಯನ್ನು ಹೊಗಳಿ ಬಂದರು. ಪತ್ರಿಕಾಗೋಷ್ಠಿಯಲ್ಲಿ ಬಿಬಿಸಿಯ ವರದಿಗಾರನನ್ನು ಬೈದು ಹೊರಗೆ ಕಳಿಸಿದರು. ಝೂಮಾ ಬಹಿರಂಗವಾಗಿ ಗದರಿದಾಗ, ಎಂಬೆಕಿಯಾದರೂ ಹೀಗೆ ಮಾಡುತ್ತಿರಲಿಲ್ಲ ಅಂತ ತಿರುಗಿ ಹೇಳಿದರು. ಮೊದಲ ಶಿಸ್ತು ಪ್ರಕರಣ ಶುರುವಾದದ್ದು ಅಲ್ಲಿಂದ. ಮೇ ತಿಂಗಳಲ್ಲಿ ತಪ್ಪೊಪ್ಪಿಕೊಂಡರು. 10,000 ರ‍್ಯಾಂಡ್ ದಂಡ, ಕ್ಷಮಾಪಣೆ, ಜೊತೆಗೆ ಕೋಪ ಹಿಡಿತದಲ್ಲಿಡುವ ತರಗತಿಗೆ ಹೋಗಬೇಕು ಅಂತ ಆದೇಶ. ಎರಡು ವರ್ಷದೊಳಗೆ ಮತ್ತೆ ತಪ್ಪು ಮಾಡಿದರೆ ಅಮಾನತು ಎಂಬ ಎಚ್ಚರಿಕೆಯೂ ಇತ್ತು.

ಕೋಪದ ತರಗತಿಯಿಂದ ಏನೂ ಆದಂತೆ ಕಾಣಲಿಲ್ಲ. 2011ರ ಜೂನಿನಲ್ಲಿ ಮಾಲೆಮಾ ಅವಿರೋಧವಾಗಿ ಮತ್ತೆ ಅಧ್ಯಕ್ಷರಾದರು. ಗಣಿಗಳನ್ನು ರಾಷ್ಟ್ರೀಕರಣ ಮಾಡಬೇಕು, ಪರಿಹಾರ ಕೊಡದೇ ಭೂಮಿ ವಾಪಸು ಪಡೆಯಬೇಕು ಎಂದು ಎರಡು ಬೇಡಿಕೆ ಇಟ್ಟರು. ಅದರ ಜೊತೆಗೆ, 2012ರ ಸಮ್ಮೇಳನದಲ್ಲಿ ಪಕ್ಷದ ನಾಯಕತ್ವ ಬದಲಾಗಬೇಕು, ತಮ್ಮ ಹಿಂದೆ ಯೂತ್ ಲೀಗ್ ಅಧ್ಯಕ್ಷರಾಗಿದ್ದ ಫಿಕಿಲೆ ಎಂಬಲುಲಾ ಪ್ರಧಾನ ಕಾರ್ಯದರ್ಶಿ ಆಗಬೇಕು ಅಂತಲೂ ಓಡಾಟ ಶುರುಮಾಡಿದರು. ಜುಲೈ ಕೊನೆಗೆ, ನೆರೆಯ ಬೋಟ್ಸ್‌ವಾನಾದ ಸರ್ಕಾರ ಅಮೆರಿಕದ ಕೈಗೊಂಬೆ, ಅದನ್ನು ಬದಲಿಸಲು ಅಲ್ಲಿನ ವಿರೋಧ ಪಕ್ಷಗಳಿಗೆ ನೆರವಾಗುತ್ತೇವೆ ಅಂದುಬಿಟ್ಟರು. ಆಡಳಿತ ಪಕ್ಷದ ಯುವ ಘಟಕ ಪಕ್ಕದ ದೇಶದ ಸರ್ಕಾರ ಬೀಳಿಸುತ್ತೇವೆ ಅಂದರೆ ಯಾವ ಪಕ್ಷವೂ ಸುಮ್ಮನಿರಲಿಕ್ಕಿಲ್ಲ. ಪಕ್ಷಕ್ಕೆ ಕೆಟ್ಟ ಹೆಸರು ತಂದದ್ದು, ಒಡಕು ಹುಟ್ಟಿಸಿದ್ದು ಅಂತ ಆರೋಪ ಹೊರಿಸಿದರು.

ಆಗಸ್ಟ್ 30ರಂದು ಜೊಹಾನ್ಸ್‌ಬರ್ಗಿನ ಲುತುಲಿ ಹೌಸ್, ಅಂದರೆ ಪಕ್ಷದ ಕೇಂದ್ರ ಕಚೇರಿಯಲ್ಲಿ ವಿಚಾರಣೆ. ಹೊರಗೆ ಹುಡುಗರು ಕಲ್ಲು, ಬಾಟಲಿ ಎಸೆದರು, ಝೂಮಾ ಚಿತ್ರವಿದ್ದ ಟೀ ಶರ್ಟುಗಳನ್ನು ಸುಟ್ಟರು, ಪೊಲೀಸರು ಜಲಫಿರಂಗಿ ಹಾರಿಸಿದರು. ನವೆಂಬರ್ 10ರಂದು ಡೆರೆಕ್ ಹನೆಕೊಮ್ ಅಧ್ಯಕ್ಷತೆಯ ಸಮಿತಿ ತೀರ್ಪು ಕೊಟ್ಟಿತು. ಮಾಲೆಮಾಗೆ ಐದು ವರ್ಷ ಅಮಾನತು, ವಕ್ತಾರ ಫ್ಲಾಯ್ಡ್ ಶಿವಾಂಬುಗೆ ಮೂರು ವರ್ಷ. ಲಮೋಲಾ ಮತ್ತಿತರರಿಗೆ ಎರಡು ವರ್ಷ ಅಮಾನತು, ಆದರೆ ಮತ್ತೆ ತಪ್ಪು ಮಾಡಿದರೆ ಮಾತ್ರ ಜಾರಿ.

ಮೇಲ್ಮನವಿ ಸಮಿತಿಯ ಅಧ್ಯಕ್ಷರು ಯಾರು ಗೊತ್ತೇ? ಈಗಿನ ರಾಷ್ಟ್ರಪತಿ ಸಿರಿಲ್ ರಾಮಫೋಸಾ. 2012ರ ಫೆಬ್ರವರಿಯಲ್ಲಿ ಅವರು ಅಪರಾಧ ಸಾಬೀತು ಅಂತ ಎತ್ತಿಹಿಡಿದು, ಶಿಕ್ಷೆಯ ಪ್ರಮಾಣದ ಬಗ್ಗೆ ಎರಡೂ ಕಡೆಯವರ ಮಾತು ಕೇಳಿ ಎಂದು ಕಡತ ವಾಪಸು ಕಳಿಸಿದರು. ಕಡಿಮೆ ಆಗಬಹುದೇನೋ ಅಂತ ಮಾಲೆಮಾ ಹೋದರೆ, ಕೆಳಗಿನ ಸಮಿತಿ ಐದು ವರ್ಷವನ್ನು ಉಚ್ಚಾಟನೆಗೇ ಏರಿಸಿತು! ಮಾರ್ಚ್ ಕೊನೆಗೆ ವಿಟ್ಸ್ ವಿಶ್ವವಿದ್ಯಾಲಯದ ಸಭೆಯಲ್ಲಿ ಝೂಮಾ ಆಡಳಿತವನ್ನು ಸರ್ವಾಧಿಕಾರ ಅಂದು ಬಾಗಿಲನ್ನು ತಾವೇ ಇನ್ನಷ್ಟು ಎಳೆದುಕೊಂಡರು. ಏಪ್ರಿಲ್ 24ಕ್ಕೆ ಉಚ್ಚಾಟನೆ ಖಾಯಂ ಆಯಿತು.

ಈಗ ಪಕ್ಷದೊಳಗಿನ ಚರ್ಚೆಗೆ ಬರೋಣ. ಎರಡು ಮಾತು ಇದ್ದವು, ಎರಡರಲ್ಲೂ ಹುರುಳಿತ್ತು. ಸಂಘಟನೆ ಅಂದ ಮೇಲೆ ನಿಯಮ ಬೇಕು, ಸಭೆಯಲ್ಲಿ ಏನು ಬೇಕಾದರೂ ಹೇಳು, ಬೀದಿಯಲ್ಲಿ ಪಕ್ಷದ ಮಾನ ಹರಾಜು ಹಾಕಬೇಡ ಎಂಬುದು ಒಂದು. ಎಚ್ಚರಿಕೆ ಕೊಟ್ಟ ಮೇಲೂ ಮಾಡಿದ ತಪ್ಪಿಗೆ ಶಿಕ್ಷೆ ಆಗಲೇಬೇಕಲ್ಲವೇ? ಇನ್ನೊಂದು ಮಾತು, ಇದೇ ನಾಲಿಗೆ ಎಂಬೆಕಿ ವಿರುದ್ಧ ಹರಿಯುವಾಗ ನಿಮ್ಮ ನಿಯಮ ಎಲ್ಲಿತ್ತು ಎಂಬುದು. ವಿನ್ನಿ ಮಂಡೇಲಾರಂಥ ಹಿರಿಯರು ಮಾಲೆಮಾ ಬೆನ್ನಿಗೆ ನಿಂತಿದ್ದರು. ನಾನು ಓದಿದಷ್ಟರಲ್ಲಿ ನನಗನಿಸುವುದು, ತೀರ್ಪು ತಪ್ಪಲ್ಲ, ಹೊತ್ತು ತಪ್ಪು. ಕೊಲ್ಲುವ ಮಾತಿಗೆ ಸುಮ್ಮನಿದ್ದು, ಕುರ್ಚಿಗೆ ಕೈಹಾಕಿದಾಗ ನಿಯಮ ಪುಸ್ತಕ ತೆರೆದರೆ ಹುಡುಗರು ಕಲಿಯುವುದು ಶಿಸ್ತನ್ನಲ್ಲ, ಲೆಕ್ಕಾಚಾರವನ್ನು. ಇಪ್ಪತ್ತು ವರ್ಷ ಮಕ್ಕಳ ಎದುರು ಕೂತವನಿಗೆ ಇಷ್ಟಾದರೂ ಗೊತ್ತಾಗುತ್ತದೆ ಮಾರಾಯ್ರೆ.

ಯೂತ್ ಲೀಗ್ ಮೊದಲಿನಿಂದಲೂ ಸುಮ್ಮನೆ ಕೂತ ಸಂಘವಲ್ಲ. 1944ರಲ್ಲಿ ಅದನ್ನು ಕಟ್ಟಿದವರಲ್ಲಿ ಮಂಡೇಲಾ, ಸಿಸುಲು, ಟಾಂಬೊ ಇದ್ದರು. 1949ರಲ್ಲಿ ಇವರೇ ಪಕ್ಷದ ಅಧ್ಯಕ್ಷ ಡಾಕ್ಟರ್ ಝೂಮಾರನ್ನು ಕೆಳಗಿಳಿಸಿದ್ದು. (ಎಕ್ಸ್ ಅಕ್ಷರದಿಂದ ಶುರುವಾಗುವ ಆ ಹೆಸರಿಗೂ ಜೇಕಬ್ ಝೂಮಾಗೂ ಸಂಬಂಧವಿಲ್ಲ, ಕನ್ನಡದಲ್ಲಿ ಬರೆಯುವಾಗ ಒಂದೇ ತರ ಕಾಣುತ್ತದೆ ಅಷ್ಟೆ.)

ಮರು ವರ್ಷದ ಒಂದು ಘಟನೆಯನ್ನು ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1950ರ ಮೇ ದಿನದ ಮುಷ್ಕರವನ್ನು ಯೂತ್ ಲೀಗ್ ವಿರೋಧಿಸಿತ್ತು, ಭಾರತೀಯ ಸಂಘಟನೆಗಳು ಬೆಂಬಲಿಸಿದ್ದವು. ಜೊಹಾನ್ಸ್‌ಬರ್ಗಿನ ಬೀದಿಯಲ್ಲಿ ಎದುರಾದ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಮಂಡೇಲಾರನ್ನು ತಡೆದು, ನಿಮಗೆ ಭಾರತೀಯರ ಜೊತೆ ಕೆಲಸ ಮಾಡುವುದು ಬೇಡವಾಗಿದೆ, ಬನ್ನಿ ಚರ್ಚೆಗೆ, ನಿಮ್ಮ ಜನರ ಎದುರೇ ನಿಮ್ಮನ್ನು ಸೋಲಿಸುತ್ತೇನೆ ಅಂತ ಸವಾಲು ಹಾಕಿದ. ಮಂಡೇಲಾಗೆ ಸಿಟ್ಟು ಬಂತು. ಸಂಘಟನೆಗಳ ಜಂಟಿ ಸಭೆಯಲ್ಲಿ ದೂರು ಕೊಟ್ಟರು. ಆಗ ವಕೀಲ ಇಸ್ಮಾಯಿಲ್ ಮೀರ್ ಸಮಾಧಾನ ಮಾಡಿದರು, ಅವನು ಹುಡುಗ, ಬಿಸಿ ರಕ್ತ, ನೀನೂ ಹಾಗಾದರೆ ಹೇಗೆ ಎಂಬಂತೆ. ಮಂಡೇಲಾ ನಾಚಿಕೊಂಡು ದೂರು ವಾಪಸು ಪಡೆದರು.

ಆ ಹುಡುಗ ಅಹ್ಮದ್ ಕತ್ರಾಡಾ. ಗುಜರಾತಿನಿಂದ ವಲಸೆ ಹೋದ ಮುಸ್ಲಿಂ ಮನೆತನದವರು. 1964ರಲ್ಲಿ ರಿವೋನಿಯಾ ವಿಚಾರಣೆಯಲ್ಲಿ ಮಂಡೇಲಾ ಜೊತೆಗೇ ಜೀವಾವಧಿ ಶಿಕ್ಷೆಯಾಗಿ, 1989ರಲ್ಲಿ ಹೊರಬಂದವರು. ಅವತ್ತು ಆ ದೂರಿನ ಮೇಲೆ ಸಮಿತಿ ಕೂತಿದ್ದರೆ ಏನಾಗುತ್ತಿತ್ತೋ.

ಮಾಲೆಮಾಗೆ ಒಬ್ಬ ಇಸ್ಮಾಯಿಲ್ ಮೀರ್ ಸಿಗಲಿಲ್ಲ. ಸಿಕ್ಕಿದ್ದರೂ ಕೇಳುವ ಜನವಲ್ಲ ಅಂತ ಹೇಳುವವರಿದ್ದಾರೆ, ಇರಬಹುದು. 2013ರಲ್ಲಿ ಅವರು ಇಕನಾಮಿಕ್ ಫ್ರೀಡಂ ಫೈಟರ್ಸ್, ಅಂದರೆ ಇಎಫ್‌ಎಫ್ ಎಂಬ ಸ್ವಂತ ಪಕ್ಷ ಕಟ್ಟಿದರು. ಮರು ವರ್ಷವೇ ಸಂಸತ್ತಿನ 400ರಲ್ಲಿ 25 ಸ್ಥಾನ ಗೆದ್ದರು. ಕೆಂಪು ಅಂಗಿ ಹಾಕಿ ಕೂತು, ನ್‌ಕಾಂಡ್ಲಾದ ಸ್ವಂತ ಮನೆಗೆ ಖರ್ಚು ಮಾಡಿದ ಸರ್ಕಾರಿ ಹಣ ವಾಪಸು ಕೊಡಿ ಅಂತ ಝೂಮಾ ಮುಖಕ್ಕೇ ಕೇಳಿದರು. ಪಕ್ಷದ ಮುಚ್ಚಿದ ಕೋಣೆಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆಯನ್ನು ಈಗ ಇಡೀ ದೇಶ ಟಿವಿಯಲ್ಲಿ ನೋಡುತ್ತಿತ್ತು. ಅವರು ಕೋರ್ಟಿಗೂ ಹೋದರು. 2016ರ ಮಾರ್ಚ್ 31ರಂದು ಸಂವಿಧಾನ ನ್ಯಾಯಾಲಯ ಝೂಮಾ ಸಂವಿಧಾನವನ್ನು ಎತ್ತಿಹಿಡಿಯಲಿಲ್ಲ ಅಂತ ಒಮ್ಮತದಿಂದ ಹೇಳಿತು.

ಆ ತೀರ್ಪಿನ ಬೆನ್ನಿಗೇ 86 ವರ್ಷದ ಕತ್ರಾಡಾ ಝೂಮಾಗೆ ಬಹಿರಂಗ ಪತ್ರ ಬರೆದರು. ಭಿನ್ನಾಭಿಪ್ರಾಯವನ್ನು ಯಾವತ್ತೂ ಪಕ್ಷದ ಹೊರಗೆ ಆಡಿದವರಲ್ಲ ಅವರು. ಅದನ್ನು ಹೇಳಿಕೊಂಡೇ, ದಯವಿಟ್ಟು ಕೆಳಗಿಳಿಯಿರಿ ಅಂತ ವಿನಂತಿಸಿದರು. ಅದೇ ನವೆಂಬರಿನಲ್ಲಿ ಪಕ್ಷದ ಕಾರ್ಯಕಾರಿಣಿಯಲ್ಲಿ ಝೂಮಾ ರಾಜೀನಾಮೆಗೆ ನಿರ್ಣಯ ಮಂಡಿಸಿದವರು ಯಾರು? ಮಾಲೆಮಾಗೆ ಶಿಕ್ಷೆ ಕೊಟ್ಟ ಸಮಿತಿಯ ಅಧ್ಯಕ್ಷ ಡೆರೆಕ್ ಹನೆಕೊಮ್. ನಿರ್ಣಯ ಗೆಲ್ಲಲಿಲ್ಲ. 2017ರ ಮಾರ್ಚ್ 28ರಂದು ಕತ್ರಾಡಾ ತೀರಿಕೊಂಡರು. ಮರುದಿನ ಅವರ ದಫನದ ಸಭೆಗೆ ಝೂಮಾ ಬರಲಿಲ್ಲ. ಮಾಜಿ ರಾಷ್ಟ್ರಪತಿ ಮೊಟ್ಲಾಂಥೆ ಆ ಪತ್ರವನ್ನು ಓದಿದಾಗ ಸೇರಿದ್ದ ಜನ ಎದ್ದು ಚಪ್ಪಾಳೆ ತಟ್ಟಿದರು. ಎರಡು ದಿನದೊಳಗೆ ಹನೆಕೊಮ್ ಮಂತ್ರಿ ಪದವಿ ಕಳೆದುಕೊಂಡರು.

ಹಾಗಂತ ಮಾಲೆಮಾರನ್ನು ವೀರ ಅಂತ ಎತ್ತಿ ಕೂರಿಸಬೇಕಾಗಿಲ್ಲ. ಬಡವರ ಮಾತಾಡುತ್ತಾ ಐಷಾರಾಮಿ ಬದುಕು ನಡೆಸಿದ್ದಕ್ಕೆ ಟೀಕೆ ಕೇಳಿದವರು. ದ್ವೇಷ ಭಾಷಣದ ವಿಷಯದಲ್ಲಿ 2010, 2011ರಲ್ಲೇ ಸಮಾನತೆಯ ಕೋರ್ಟುಗಳು ಅವರ ವಿರುದ್ಧ ತೀರ್ಪು ಕೊಟ್ಟಿದ್ದವು. 2018ರಲ್ಲಿ, ಅಲ್ಲಿನ ಭಾರತೀಯ ಮೂಲದವರಲ್ಲಿ ಬಹುಪಾಲು ಜನ ಜನಾಂಗ ದ್ವೇಷಿಗಳು ಅಂತ ಸಾರಾಸಗಟಾಗಿ ಹೇಳಿದರು. ಕತ್ರಾಡಾ ಹುಟ್ಟಿದ ಸಮುದಾಯದ ಬಗ್ಗೆಯೇ ಈ ಮಾತು. ಇನ್ನು ಅವರ ಪಕ್ಷದೊಳಗಿನ ಶಿಸ್ತು? 2015ರಲ್ಲೇ ಆಂಡಿಲೆ ಎಂಗ್ಶಿಟಾಮಾ ಸೇರಿ ಮೂವರನ್ನು ಹೊರಗೆ ಹಾಕಿದರು. 2019ರಲ್ಲಿ ಅಧ್ಯಕ್ಷ ಗಾದಿಗೆ ಅವರ ಎದುರು ಯಾರೂ ನಿಲ್ಲಲಿಲ್ಲ. 2024ರ ಆಗಸ್ಟಿನಲ್ಲಿ, ಶಿಸ್ತು ಸಮಿತಿಯ ದಿನದಿಂದ ಜೊತೆಗಿದ್ದ ಶಿವಾಂಬು ಕೂಡ ಬಿಟ್ಟು ಹೋದರು. ಹೋದದ್ದು ಎಲ್ಲಿಗೆ? ಝೂಮಾ ಬೆಂಬಲಿಸುವ ಎಂಕೆ ಪಕ್ಷಕ್ಕೆ!

ಇತ್ತ ಎಎನ್‌ಸಿ ಏನು ಮಾಡಿತು? 2017ರ ಡಿಸೆಂಬರ್ ಸಮ್ಮೇಳನದಲ್ಲಿ, ಪರಿಹಾರವಿಲ್ಲದೆ ಭೂಮಿ ವಶಪಡಿಸಿಕೊಳ್ಳುವುದನ್ನು ತನ್ನದೇ ನೀತಿಯಾಗಿ ಅಂಗೀಕರಿಸಿತು. ಆ ಬೇಡಿಕೆ ಇಟ್ಟಿದ್ದ ಹುಡುಗ ಆಗ ಐದೂವರೆ ವರ್ಷದಿಂದ ಹೊರಗಿದ್ದ. 2018ರ ಫೆಬ್ರವರಿಯಲ್ಲಿ ಪಕ್ಷದ ಒತ್ತಡದಿಂದ ಝೂಮಾ ರಾಜೀನಾಮೆ ಕೊಟ್ಟರು, ರಾಮಫೋಸಾ ಆ ಕುರ್ಚಿಗೆ ಬಂದರು. ಚುನಾವಣೆಗೆ ಮೊದಲು ಎಂಕೆ ಪಕ್ಷಕ್ಕೆ ಬೆಂಬಲ ಸಾರಿದ್ದಕ್ಕೆ 2024ರ ಜನವರಿಯಲ್ಲಿ ಝೂಮಾರನ್ನು ಅಮಾನತು ಮಾಡಿದರು, ಜುಲೈಯಲ್ಲಿ ಉಚ್ಚಾಟಿಸಿದರು. ಅದನ್ನು ಪ್ರಕಟಿಸಿದವರು ಪಕ್ಷದ ಪ್ರಧಾನ ಕಾರ್ಯದರ್ಶಿ. ಅವರ ಹೆಸರು ಫಿಕಿಲೆ ಎಂಬಲುಲಾ, 2011ರಲ್ಲಿ ಮಾಲೆಮಾ ಆ ಜಾಗಕ್ಕೆ ತರಬೇಕೆಂದು ಓಡಾಡಿದ್ದ ಅದೇ ವ್ಯಕ್ತಿ.