ಗೇಟಿನ ಆಚೆಗಿನ ನೆಲ

ಮೈಸೂರಿನ ಗೋಕುಲಂನಲ್ಲಿ ನಡೆಯುವವರಿಗೆ ಕೊರತೆಯಿಲ್ಲ. ಯೋಗಗುರು ಪಟ್ಟಾಭಿ ಜೋಯಿಸರು 2002ರಲ್ಲಿ ಇಲ್ಲಿ ಯೋಗಶಾಲೆ ತೆರೆದ ಮೇಲೆ, ಚಾಪೆ ಹೆಗಲಿಗೇರಿಸಿಕೊಂಡು ನಸುಕಿನಲ್ಲೇ ಹೊರಡುವ ವಿದೇಶಿ ವಿದ್ಯಾರ್ಥಿಗಳು ಈ ಬಡಾವಣೆಯವರಿಗೆ ಪರಿಚಿತ ನೋಟವಾದರು. ನಿವೃತ್ತರ ಬೆಳಗಿನ ನಡಿಗೆ ಅದಕ್ಕೂ ಹಳೆಯದು. ಆದರೂ ಅನೇಕ ಕಡೆ ಜನ ಡಾಂಬರಿನ ಮೇಲೇ ನಡೆಯುತ್ತಾರೆ. ಒಂದು ಮನೆಯ ಮುಂದೆ ಟೈಲು ಕುಸಿದಿರುತ್ತದೆ, ಪಕ್ಕದ ಮನೆಯ ಮುಂದೆ ಕಾರು ಹತ್ತಿಸುವ ರ‍್ಯಾಂಪ್ ಇರುತ್ತದೆ, ಅದರಾಚೆ ಗ್ರಿಲ್ ಹಾಕಿದ ಕೈತೋಟ.

ಕುಸಿದ ಟೈಲನ್ನು ಸರಿಪಡಿಸಬೇಕಾದವರು ಯಾರು? ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಆ ಹೊಣೆ ನಿವೇಶನದ ಮಾಲೀಕರದು. ಅಲ್ಲಿ 2003ರಲ್ಲಿ ಬಂದ ಕಾನೂನಿನ ಪ್ರಕಾರ, ಕೆಟ್ಟ ಫುಟ್‌ಪಾತಿನಲ್ಲಿ ಯಾರಾದರೂ ಎಡವಿ ಬಿದ್ದರೆ ಪರಿಹಾರವನ್ನೂ ಬಹುಪಾಲು ಮಾಲೀಕರೇ ಕೊಡಬೇಕು. ಮಾಲೀಕರೇ ವಾಸವಿರುವ ಚಿಕ್ಕ ಮನೆಗಳಿಗೆ ಮಾತ್ರ ಈ ಪರಿಹಾರದಿಂದ ವಿನಾಯಿತಿ. ನಮ್ಮಲ್ಲಿ ಹಾಗಿಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮದಂತೆ ಸಾರ್ವಜನಿಕ ರಸ್ತೆಯೂ ಅದರ ಅಂಗವಾದ ಫುಟ್‌ಪಾತೂ ಪಾಲಿಕೆಯ ಸ್ವತ್ತು, ಅವುಗಳ ನಿರ್ವಹಣೆ ಪಾಲಿಕೆಯ ಕಡ್ಡಾಯ ಕೆಲಸ. ಹಾಗಾಗಿ ಮೈಸೂರಿನ ಮನೆಯೊಡೆಯರು ಗಾರೆಯವರನ್ನು ಕರೆಸುವ ಮೊದಲು ಪಾಲಿಕೆಯ ವಲಯ ಕಚೇರಿಗೆ ಅರ್ಜಿ ಕೊಡಬೇಕು. ಹಾಳಾದ ಜಾಗದ ಫೋಟೋ, ಮನೆ ನಂಬರು, ಎಷ್ಟು ಅಡಿ ಕೆಟ್ಟಿದೆ ಎಂಬ ಅಳತೆ ಜೊತೆಗಿರಲಿ. ಅರ್ಜಿಗೆ ಸ್ವೀಕೃತಿಯನ್ನೂ ಪಡೆಯಬೇಕು. ಪಾಲಿಕೆಯೇ ಮಾಡಿಕೊಟ್ಟರೆ ಸರಿ. ತಡವಾಗುತ್ತದೆ, ಸ್ವಂತ ಖರ್ಚಿನಲ್ಲಿ ಮಾಡಿಸುತ್ತೇವೆ ಎನ್ನುವವರು ಅದಕ್ಕೂ ಲಿಖಿತ ಒಪ್ಪಿಗೆ ಪಡೆದಿರುವುದು ಒಳ್ಳೆಯದು. ಚಪ್ಪಡಿಯ ಕೆಳಗೆ ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ಲು ಎಲ್ಲಿ ಹಾದುಹೋಗಿವೆ ಎಂದು ತಿಳಿಯದೆ ಹಾರೆ ಹಾಕುವುದು ಅಪಾಯ.

ಕೆಲಸಕ್ಕೆ ಇಳಿದಾಗ ಎಲ್ಲರ ಕಣ್ಣು ಹೋಗುವುದು ಒಡೆದ ಟೈಲಿನ ಮೇಲೆ. ರೋಗ ಇರುವುದು ಅದರ ಕೆಳಗೆ. ನಲ್ಲಿ ಸಂಪರ್ಕಕ್ಕೋ ಕೇಬಲ್ಲಿಗೋ ಅಗೆದ ಗುಂಡಿಗೆ ಸಡಿಲ ಮಣ್ಣು ತುಂಬಿ, ಮೇಲೆ ಟೈಲು ಜೋಡಿಸಿ ಹೋಗಿರುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣು ಇಳಿಯುತ್ತದೆ, ಟೈಲು ವಾಲುತ್ತದೆ, ಸಂದಿಯಿಂದ ನುಗ್ಗಿದ ನೀರು ಉಳಿದ ಮರಳನ್ನೂ ಚರಂಡಿಗೆ ಎಳೆದೊಯ್ಯುತ್ತದೆ. ಅದರ ಮೇಲೆ ಒಂದು ಬಾಂಡಲಿ ಸಿಮೆಂಟು ಸುರಿದು ಸವರಿದರೆ ಪೊಳ್ಳು ಹಾಗೇ ಉಳಿಯುತ್ತದೆ. ಇಂಟರ್‌ಲಾಕ್ ಟೈಲಿನ ಗುಣವೇ ಬೇಕೆಂದಾಗ ತೆಗೆದು ಮತ್ತೆ ಕೂರಿಸಬಹುದೆಂಬುದು. ಸಿಮೆಂಟು ಮೆತ್ತಿದವರು ಆ ಅನುಕೂಲವನ್ನೇ ಕಳೆದುಕೊಳ್ಳುತ್ತಾರೆ.

ಸರಿಯಾದ ಕ್ರಮಕ್ಕೆ ತುಸು ಬೆವರು ಬೇಕು, ಹೊಸ ಸಾಮಾನು ಹೆಚ್ಚು ಬೇಡ. ಕುಸಿದ ಜಾಗದ ಸುತ್ತ ಒಂದೆರಡು ಸಾಲು ಗಟ್ಟಿ ಟೈಲುಗಳನ್ನೂ ಸೇರಿಸಿ ಎಬ್ಬಿಸಬೇಕು. ಮೆತ್ತನೆಯ ಮಣ್ಣು ಪೂರ್ತಿ ತೆಗೆದು, ಗಟ್ಟಿ ನೆಲ ಸಿಕ್ಕ ಮೇಲೆ ಜಲ್ಲಿ ಮತ್ತು ಕ್ವಾರಿ ಪುಡಿಯನ್ನು ತೆಳು ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಮ್ಮಸ್ಸು ಹೊಡೆಯಬೇಕು. ಒಮ್ಮೆಗೇ ಗುಂಡಿ ತುಂಬಿ ಮೇಲಿನಿಂದ ಬಡಿದರೆ ಕೆಳಗಿನದು ಸಡಿಲವಾಗಿಯೇ ಇರುತ್ತದೆ. ಅದರ ಮೇಲೆ ದಪ್ಪ ಮರಳಿನ ಹಾಸು, 20ರಿಂದ 40 ಮಿಲಿಮೀಟರ್ ಸಾಕು. ತಗ್ಗನ್ನೆಲ್ಲ ಮರಳಿನಿಂದಲೇ ತುಂಬಲು ಹೊರಟರೆ ಅದು ಮತ್ತೆ ಕುಸಿಯುತ್ತದೆ. ಎರಡೂ ಕಡೆಯ ಹಳೆಯ ಟೈಲಿಗೆ ದಾರ ಕಟ್ಟಿ, ರಸಮಟ್ಟ ಇಟ್ಟು, ನೀರು ಚರಂಡಿಯ ಕಡೆಗೆ ಹರಿಯುವಷ್ಟು ಸಣ್ಣ ವಾಟ ಕೊಟ್ಟು, ರಬ್ಬರ್ ಸುತ್ತಿಗೆಯಿಂದ ಟೈಲು ಕೂರಿಸಬೇಕು. ಕೊನೆಗೆ ಒಣ ನುಣುಪು ಮರಳನ್ನು ಸಂದಿಗಳಿಗೆ ಗುಡಿಸಿ ತುಂಬಬೇಕು. ಟೈಲುಗಳು ಒಂದನ್ನೊಂದು ಹಿಡಿದು ನಿಲ್ಲುವುದು ಈ ಮರಳಿನಿಂದಲೇ. ಅಂಚಿನ ಕರ್ಬ್ ಕಲ್ಲು ಅಲುಗಾಡುತ್ತಿದ್ದರೆ ಅದನ್ನು ಮೊದಲು ಕಾಂಕ್ರೀಟಿನಲ್ಲಿ ಭದ್ರಪಡಿಸಿ ಕನಿಷ್ಠ ಒಂದು ವಾರ ನೀರುಣಿಸಬೇಕು, ಇಲ್ಲವಾದರೆ ಟೈಲಿನ ಸಾಲು ಪಕ್ಕಕ್ಕೆ ಸರಿದು ಬಾಯ್ಬಿಡುತ್ತದೆ.

ಚರಂಡಿಯ ಮೇಲೆ ಕಲ್ಲು ಚಪ್ಪಡಿ ಹೊದಿಸಿರುವ ಕಡೆ ಲೆಕ್ಕ ಬೇರೆ. ಚಪ್ಪಡಿ ಎರಡೂ ಗೋಡೆಯ ಮೇಲೆ ಸಮನಾಗಿ ಕೂತಿಲ್ಲದಿದ್ದರೆ ಕಾಲಿಟ್ಟಾಗ ಕುಟುಕುಟು ಆಡುತ್ತದೆ. ಗೋಡೆಯ ಮುಕ್ಕಾದ ತಲೆಯನ್ನು ಗಾರೆಯಲ್ಲಿ ಸಮ ಮಾಡಿ ಚಪ್ಪಡಿ ಕೂರಿಸಬೇಕು. ಬಿರುಕು ಬಿಟ್ಟ ಚಪ್ಪಡಿಯನ್ನು ಬದಲಿಸಲೇಬೇಕು, ಅದಕ್ಕೆ ಮದ್ದಿಲ್ಲ. ಕಲ್ಲು ಎತ್ತಲು ಒಬ್ಬರು ಸಾಲದು.

ಇನ್ನು ರ‍್ಯಾಂಪ್. ಬಡಾವಣೆಯ ಫುಟ್‌ಪಾತಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿಯೇ, ಅದನ್ನು ಕೊಡುವವರು ಮನೆಯವರೇ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಗಲದ ಅಡ್ಡಿಯಿಲ್ಲದ ದಾರಿಯನ್ನು ಕೇಳುತ್ತದೆ, ಕರ್ಬಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ಮನೆಯ ಪಾಯ ಎತ್ತರವಾಗಿದ್ದರೆ ಮಾಲೀಕರು ಇಳಿಜಾರನ್ನು ಗೇಟಿನಿಂದ ರಸ್ತೆಯವರೆಗೆ ಚಾಚುತ್ತಾರೆ. ಊರುಗೋಲು ಹಿಡಿದ ಅಜ್ಜಿ ಅದನ್ನು ದಾಟುವಾಗ ಒಂದು ಪಾದ ಮೇಲೆ, ಇನ್ನೊಂದು ಕೆಳಗೆ. ಗಾಲಿಕುರ್ಚಿಯಂತೂ ರಸ್ತೆಗೇ ವಾಲುತ್ತದೆ. ಇಳಿಜಾರನ್ನು ಕಾಂಪೌಂಡಿನ ಒಳಗೇ ಮುಗಿಸಿ, ಕರ್ಬಿನ ಅಂಚನ್ನು ಮಾತ್ರ ಗೇಟಿನ ಅಗಲಕ್ಕೆ ಓರೆ ಮಾಡಿದರೆ ಕಾರೂ ಹತ್ತುತ್ತದೆ, ಫುಟ್‌ಪಾತೂ ಸಮವಾಗಿ ಮುಂದುವರಿಯುತ್ತದೆ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಟೈಲಿನ ರಿಪೇರಿಗಿಂತ ಮೊದಲು ರ‍್ಯಾಂಪನ್ನೂ ಗ್ರಿಲ್ ಕೈತೋಟವನ್ನೂ ಹಿಂದಕ್ಕೆ ಸರಿಸಿದ ಮಾಲೀಕರು ಬೀದಿಗೆ ನಿಜವಾದ ಉಪಕಾರ ಮಾಡಿದಂತೆ.

ಮರದ ಬೇರು ಟೈಲನ್ನು ಎತ್ತಿದ್ದರೆ ಕೊಡಲಿಗೆ ಕೈ ಹಾಕಬಾರದು. ದಪ್ಪ ಬೇರು ಕತ್ತರಿಸಿದ ಮರ ಗಾಳಿಮಳೆಗೆ ಉರುಳಬಹುದು. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಡಿ ವೃಕ್ಷಾಧಿಕಾರಿಯ ಅನುಮತಿಯೂ ಬೇಕು. ಬುಡದ ಸುತ್ತ ಟೈಲು ತೆಗೆದು ಮಣ್ಣು ತೆರೆದಿಟ್ಟು, ದಾರಿಯನ್ನು ಬೇರಿನ ಮೇಲೆ ಸಣ್ಣ ಏರಿನಲ್ಲಿ ಹಾಯಿಸುವುದು ಉತ್ತಮ. ಮರಗಳ ಬುಡದಿಂದ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಆದೇಶಿಸಿತ್ತು.

ಪದೇ ಪದೇ ಅಗೆಯುವ ಕಾಟಕ್ಕೆ ಒಂಟಿ ಮನೆಯವರ ಬಳಿ ಉಪಾಯವಿಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಯೋಜನೆ ಕೇಬಲ್ಲು, ಪೈಪುಗಳಿಗೆ ಫುಟ್‌ಪಾತಿನಡಿ ಪ್ರತ್ಯೇಕ ಕೊಳವೆ, ಗುಂಡಿಗಳನ್ನು ಕೊಟ್ಟಿತು. ಮುಚ್ಚಳ ತೆರೆದು ಕೆಲಸ ಮಾಡುವಂತಾಯಿತು. ಗೋಕುಲಂನ ಅಡ್ಡರಸ್ತೆಗಳಲ್ಲಿ ನಿವಾಸಿಗಳ ಸಂಘಗಳು ಅಗೆಯಲು ಬಂದವರಿಂದ ಪಾಲಿಕೆಯ ರಸ್ತೆ ಅಗೆತದ ಅನುಮತಿ ಪತ್ರ ಕೇಳಿ ನೋಡಬಹುದು, ಗುಂಡಿ ಮುಚ್ಚುವಾಗ ಎದುರಿಗೇ ನಿಂತು ದಮ್ಮಸ್ಸು ಹೊಡೆಸಬಹುದು. ರಿಪೇರಿಯಾದ ಜಾಗವನ್ನು ಮೊದಲ ಜೋರು ಮಳೆಯ ಮರುದಿನ ಒಮ್ಮೆ ನೋಡಬೇಕು: ಸಂದಿಯ ಮರಳು ಇಳಿದಿದ್ದರೆ ಮತ್ತೆ ಗುಡಿಸಿ ತುಂಬಬೇಕು, ನೀರು ನಿಂತಿದ್ದರೆ ಅಷ್ಟೇ ಜಾಗದ ಟೈಲು ಎಬ್ಬಿಸಿ ವಾಟ ಸರಿಪಡಿಸಬೇಕು.